ಸರ್ವರ್ ಕೆಳಗೈತಿ, ಜಿಡಿಪಿ ಮ್ಯಾಲೈತಿ

ಸೇವಾ ವಲಯ ಮತ್ತೆ ಬೆಳೆದಿದೆಯಂತೆ. ನೀವೂ ಓದಿರುತ್ತೀರಿ. ಪೇಪರಿನ ವಾಣಿಜ್ಯ ಪುಟದಲ್ಲಿ ಮೇಲಕ್ಕೇರುವ ಬಾಣ, ಪಕ್ಕದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಸುಮ್ನೆ ನಗುವ ಹುಡುಗಿ. ದೇಶದ ಉತ್ಪನ್ನದಲ್ಲಿ ಈ ವಲಯದ ಪಾಲು 2013-14ರಲ್ಲಿ ಶೇ 50.6 ಇತ್ತು. 2024-25ಕ್ಕೆ ಶೇ 55ರ ಹತ್ತಿರ ಬಂತು. ನಮ್ಮ ರಾಜ್ಯದಲ್ಲಂತೂ ಸುಮಾರು ಮೂರರಲ್ಲಿ ಎರಡು ಪಾಲು ಇದೇ. ಕರ್ನಾಟಕದಲ್ಲಿ ಮೂರು ರೂಪಾಯಿ ಹುಟ್ಟಿದರೆ ಅದರಲ್ಲಿ ಎರಡು ರೂಪಾಯಿ ಯಾರೋ ಯಾರದೋ ಸೇವೆ ಮಾಡಿದ್ದರಿಂದ ಹುಟ್ಟಿದ್ದು.

ಆ ಸೇವೆ ಮಾಡಿದ ಪುಣ್ಯಾತ್ಮರು ಯಾರು ಅಂತ ಹುಬ್ಬಳ್ಳಿಯಲ್ಲಿ ಹುಡುಕುತ್ತಾ ಇದ್ದೇನೆ. ಸದ್ಯಕ್ಕೆ ಸಿಕ್ಕಿರುವುದು ಒಬ್ಬ ಸೆಕ್ಯುರಿಟಿ ಗಾರ್ಡ್.

ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಮನುಷ್ಯ. ಬಾಗಿಲ ಪಕ್ಕ ಪಾಸ್‌ಬುಕ್ ಪ್ರಿಂಟ್ ಮಾಡುವ ಯಂತ್ರ ಇದೆ. ಪುಸ್ತಕ ಒಳಗೆ ತೂರಿಸಿದರೆ ಎರಡು ಸಲ ಗುರ್ ಅಂತ ಸದ್ದು ಮಾಡಿ, 'ಬಾರ್‌ಕೋಡ್ ಓದಲಾಗುತ್ತಿಲ್ಲ' ಅಂತ ವಾಪಸ್ ಉಗುಳುತ್ತದೆ. ಆಗ ಈತ ಬರುತ್ತಾನೆ. "ಹಂಗಲ್ರೀ ಅಕ್ಕಾರ, ಕೊಡ್ರಿಲ್ಲಿ" ಅಂತ ಪುಸ್ತಕ ಇಸಗೊಂಡು, ಬಾರ್‌ಕೋಡನ್ನು ತನ್ನ ಅಂಗಿಯ ತೋಳಿಗೆ ಒರೆಸುತ್ತಾನೆ. ಬೆನ್ನು ಮಡಚಿ, ಹಾಳೆ ಹಿಂದಕ್ಕೆ ಒತ್ತಿ, ಒಂದು ಕೋನದಲ್ಲಿ ಹಿಡಿದು ಮೆಲ್ಲಗೆ ಬಿಡುತ್ತಾನೆ. ಯಂತ್ರ ತೆಪ್ಪಗೆ ಪ್ರಿಂಟ್ ಮಾಡುತ್ತದೆ. ಚಲನ್ ತುಂಬುವುದು ಗೊತ್ತಿಲ್ಲದವರಿಗೆ ತುಂಬಿ ಕೊಡುವವನೂ ಇವನೇ. ಯಾವ ಸಾಹೇಬರು ಊಟಕ್ಕೆ ಹೋದರು, ಯಾವಾಗ ಬರುತ್ತಾರೆ, ಬಂದಾಗ ಯಾವ ಮೂಡಿನಲ್ಲಿರುತ್ತಾರೆ ಎಂಬ ಮಾಹಿತಿಯೂ ಇವನ ಹತ್ತಿರವೇ. ಆ ಶಾಖೆಯನ್ನು ನಡೆಸುವವನು ಇವನು ಅಂದರೆ ತಪ್ಪಾಗಲ್ಲ. ಆದರೆ ಇವನು ಬ್ಯಾಂಕಿನ ನೌಕರ ಅಲ್ಲ. ಯಾವುದೋ ಏಜೆನ್ಸಿಯವನು. ಬ್ಯಾಂಕಿನ ಲೆಕ್ಕದಲ್ಲಿ ಇವನ ತಲೆ ಬರುವುದೇ ಇಲ್ಲ.

ಉತ್ಪಾದಕತೆಯ ಗುಟ್ಟು ಇಲ್ಲೇ ಇದೆ ನೋಡಿ. ಆದ ಕೆಲಸವನ್ನು ಮಾಡಿದ ತಲೆಗಳಿಂದ ಭಾಗಿಸಿದರೆ ಉತ್ಪಾದಕತೆ. ಕೆಲಸ ಜಾಸ್ತಿ ಮಾಡುವುದು ಕಷ್ಟದ ದಾರಿ. ತಲೆ ಕಡಿಮೆ ಮಾಡುವುದು ಸುಲಭ. ಒಳಗೆ ಸಾಲಾಗಿ ಕೌಂಟರುಗಳಿವೆ. ಎರಡರಲ್ಲಿ ಮನುಷ್ಯರು ಕಾಣುತ್ತಾರೆ, ಉಳಿದವುಗಳಲ್ಲಿ ಹಳೇ ಫೈಲು, ಸುತ್ತಿಟ್ಟ ಬ್ಯಾನರು. ಇದ್ದ ಕೆಲಸ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ, ನಮ್ಮ ಹೆಗಲಿಗೆ ಬಂದಿದೆ. ಫಾರ್ಮ್ ತುಂಬುವವರು ನಾವು. ಒಟಿಪಿ ಕುಟ್ಟುವವರು ನಾವು. ಕೆವೈಸಿಗೆ ವರ್ಷ ಬಿಟ್ಟು ವರ್ಷ ಅದೇ ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆಸಿ, ಅದರ ಮೇಲೆ ಅದೇ ಸಹಿ ಹಾಕಿ ಕೊಡುವವರೂ ನಾವು. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ. ಒತ್ತಿ ಒತ್ತಿ ಬೆರಳು ಸವೆದ ಮೇಲೆ 'ನಿಮ್ಮ ಕರೆ ನಮಗೆ ಅಮೂಲ್ಯ' ಅಂತ ಹೇಳಿ ಸಂಗೀತ ಹಾಕುತ್ತಾರೆ. ದೇಶದ ತುಂಬ ಸಂಬಳ ಇಲ್ಲದ ಗುಮಾಸ್ತರನ್ನು ನೇಮಿಸಿಕೊಂಡಿರುವ ಇಂಥ ಯೋಜನೆ ಇನ್ನೊಂದಿಲ್ಲ. ಅದೂ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಮೀಸಲಾತಿಯ ಜಗಳವೂ ಇಲ್ಲ!

ಸಂಬಳ ಇಲ್ಲ ಅಷ್ಟೇ ಅಲ್ಲ, ದುಡಿದಿದ್ದಕ್ಕೆ ನಾವೇ ದುಡ್ಡು ಕಟ್ಟಬೇಕು. ಉಚಿತ ಮಿತಿ ದಾಟಿ ಎಟಿಎಮ್ಮಿನಿಂದ ನಮ್ಮ ದುಡ್ಡನ್ನು ನಾವೇ ತೆಗೆದರೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿವರೆಗೆ ಹಿಡಿಯಬಹುದು. ಎಸ್ಸೆಮ್ಮೆಸ್ಸಿಗೆ ಶುಲ್ಕ. ಆ ಶುಲ್ಕ ಕಡಿತವಾಗಿದೆ ಎಂದು ತಿಳಿಸಲು ಒಂದು ಎಸ್ಸೆಮ್ಮೆಸ್ಸು. ಖಾತೆಯಲ್ಲಿ ದುಡ್ಡು ಕಡಿಮೆ ಇದೆ ಅಂತ ಇನ್ನಷ್ಟು ಕಡಿಮೆ ಮಾಡುವ ಬ್ಯಾಂಕುಗಳಿವೆ. ಅದಕ್ಕೂ ಶೇ 18 ಜಿಎಸ್‌ಟಿ. ಇವೆಲ್ಲ ಬ್ಯಾಂಕಿಂಗ್ ಸೇವೆಯ ಆದಾಯ. ಬಾಣ ಮೇಲಕ್ಕೆ ಹೋಗದೆ ಇನ್ನೇನು ಮಾಡೀತು?

2025ರ ಆಗಸ್ಟಿನಲ್ಲಿ ಸೇವಾ ವಲಯದ ಪಿಎಂಐ, ಅಂದರೆ ಕಂಪನಿಗಳ ವಹಿವಾಟಿನ ಏರಿಳಿತ ತೋರಿಸುವ ಸೂಚ್ಯಂಕ, 62.9ಕ್ಕೆ ಏರಿ, 15 ವರ್ಷದಲ್ಲೇ ಹೆಚ್ಚು ಅಂತ ಸಂಭ್ರಮವಾಯಿತು. 50ರ ಮೇಲಿದ್ದರೆ ಬೆಳವಣಿಗೆ. ಇದನ್ನು ಹೇಗೆ ತೆಗೆಯುತ್ತಾರೆ ಅಂದರೆ, ಸುಮಾರು 400 ಕಂಪನಿಗಳಿಗೆ ಪ್ರಶ್ನೆಪಟ್ಟಿ ಕಳಿಸಿ, ಹೋದ ತಿಂಗಳಿಗಿಂತ ಈ ತಿಂಗಳು ಹೇಗಿದೆ ಅಂತ ಕೇಳುತ್ತಾರೆ. ಕಂಪನಿಯವರು ಚೆನ್ನಾಗಿದೆ ಅನ್ನುತ್ತಾರೆ. ಕೌಂಟರಿನ ಈಚೆ ಬದಿಗೆ ನಿಂತವರನ್ನೂ ತಿಂಗಳಿಗೊಮ್ಮೆ ಕೇಳಬೇಕು ಅಂತ ನನ್ನ ಒಂದು ಸಣ್ಣ ಸಲಹೆ. ಉತ್ತರಗಳನ್ನು ಪೇಪರಿನಲ್ಲಿ ಹಾಕಲು ಬರುವುದಿಲ್ಲ, ಅದು ಬೇರೆ ಮಾತು.

ನಮ್ಮ ಊರಿನ ರೈಲ್ವೆ ಪ್ಲಾಟ್‌ಫಾರ್ಮಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1507 ಮೀಟರ್, ಜಗತ್ತಿನಲ್ಲೇ ಉದ್ದ, ಗಿನ್ನೆಸ್ ದಾಖಲೆ. 2023ರ ಮಾರ್ಚಿನಲ್ಲಿ ಪ್ರಧಾನಿಯವರೇ ಉದ್ಘಾಟಿಸಿದರು. ನನಗೂ ಹೆಮ್ಮೆ ಇದೆ, ಬೇರೆ ಊರಿನವರ ಮುಂದೆ ಹೇಳಿಕೊಳ್ಳುತ್ತೇನೆ. ಚಕ್ಕಡಿಯಷ್ಟು ಸಾಮಾನು ಹೊತ್ತುಕೊಂಡು ಈ ತುದಿಯಿಂದ ಆ ತುದಿಗೆ ಓಡುವಾಗ ಮಾತ್ರ ಆ ಹೆಮ್ಮೆಗೆ ಏದುಸಿರು ಬರುತ್ತದೆ.

ಈ ಉತ್ಪಾದಕತೆ ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಂಡ ಒಬ್ಬ ಅಮೆರಿಕದ ಅರ್ಥಶಾಸ್ತ್ರಜ್ಞ ಇದ್ದ, ವಿಲಿಯಂ ಬೊಮೊಲ್. 1960ರ ದಶಕದಲ್ಲಿ ತನ್ನ ಗೆಳೆಯ ಬೋವೆನ್ ಜೊತೆ ಸೇರಿ ನಾಟಕ, ಸಂಗೀತದವರ ಖರ್ಚು ವೆಚ್ಚ ನೋಡಲು ಹೋದ. ಅವನಿಗೆ ಹೊಳೆದದ್ದು ಇಷ್ಟು: ಕಾರ್ಖಾನೆಯಲ್ಲಿ ಯಂತ್ರ ಬಂತು, ಒಬ್ಬ ಮನುಷ್ಯ ಮೊದಲಿನ ಹತ್ತು ಪಟ್ಟು ಮಾಲು ತೆಗೆಯುತ್ತಾನೆ. ಆದರೆ ನಾಲ್ಕು ಜನ ತಂತಿವಾದ್ಯ ಹಿಡಿದು ನುಡಿಸುವ ಒಂದು ರಚನೆಗೆ ನೂರು ವರ್ಷದ ಹಿಂದೆಯೂ ಈಗಲೂ ನಾಲ್ಕೇ ಜನ ಬೇಕು, ಅಷ್ಟೇ ಹೊತ್ತು ಬೇಕು. ಇಬ್ಬರೇ ನುಡಿಸಿ ಅರ್ಧ ಹೊತ್ತಿನಲ್ಲಿ ಮುಗಿಸುತ್ತೇವೆ ಅಂದರೆ ನಡೆಯಲ್ಲ. ಸಂಬಳ ಮಾತ್ರ ಎಲ್ಲರಂತೆ ಏರುತ್ತದೆ. ಹಾಗಾಗಿ ಪಾಠ ಹೇಳುವುದು, ರೋಗಿ ನೋಡುವುದು, ಹಾಡುವುದು ವರ್ಷ ಹೋದಂತೆ ದುಬಾರಿ ಆಗುತ್ತವೆ.

ಪಾಪ, ಆತ ಅಮೆರಿಕ ಬಿಟ್ಟು ಧಾರವಾಡಕ್ಕೆ ಬಂದಿದ್ದರೆ ಒಂದೇ ಸಂಜೆಯಲ್ಲಿ ಗೊತ್ತಾಗುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರು ಒಂದು ಅಪರೂಪದ ರಾಗ ಹಿಡಿದು ಕೂತರೆ ಅದರ ಉತ್ಪಾದಕತೆ ಎಷ್ಟು? ಯಾವ ಮ್ಯಾನೇಜರ್ ಅಳೆದಾನು? ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಗುರುಗಳು ಒಂದೊಂದು ರಾಗವನ್ನು ತಿಂಗಳುಗಟ್ಟಲೆ ತಿದ್ದುತ್ತಿದ್ದರು. ಈಗಿನ ಸಲಹೆಗಾರರ ಕಣ್ಣಿಗೆ ಬಿದ್ದಿದ್ದರೆ ಆ ಗುರುಗಳಿಗೆ ಮೆಮೋ ಗ್ಯಾರಂಟಿ. ವಿದ್ಯಾರ್ಥಿ ಒಬ್ಬಳಿಗೆ ಇಷ್ಟು ಗಂಟೆಯೇ? ಆಲಾಪ ಕಡಿತ ಮಾಡಿ, ಒಂದು ಬ್ಯಾಚಿಗೆ ಎಂಬತ್ತು ಜನರನ್ನು ಹಾಕಿ, ಭೈರವಿ ರಾಗ ಕಛೇರಿಯ ಕೊನೆಗೇ ಯಾಕೆ ಬರಬೇಕು, ಬೇಡಿಕೆ ಇರುವ ಮಾಲು ಮೊದಲು ಕೊಡಿ. ತಂಬೂರಿಯವರ ಕೆಲಸವನ್ನಂತೂ ಎಲೆಕ್ಟ್ರಾನಿಕ್ ಡಬ್ಬಿ ಆಗಲೇ ತಿಂದಾಗಿದೆ. ಈಗ ಅದೂ ಹೋಗಿ ಮೊಬೈಲ್ ಆ್ಯಪ್ ಬಂದಿದೆ, ಹಾಡಿನ ನಡುವೆ ಜಾಹೀರಾತು ಬರುವುದೊಂದು ಬಾಕಿ.

ಇನ್ನು ಸರ್ಕಾರಿ ಕಚೇರಿ. ಅದೂ ಸೇವಾ ವಲಯವೇ. ಅಲ್ಲಿನ ಉತ್ಪಾದನೆಯನ್ನು ಅಳೆಯುವುದು ಹೇಗೆ ಗೊತ್ತಾ? ಜಾತಿ ಪ್ರಮಾಣಪತ್ರ, ಉತಾರ ಇವನ್ನು ಯಾರೂ ಮಾರುಕಟ್ಟೆ ಬೆಲೆಗೆ ಮಾರುವುದಿಲ್ಲವಲ್ಲ. (ಮಾರುತ್ತಾರೆ, ಆದರೆ ಆ ಬೆಲೆಗೆ ರಸೀದಿ ಇರುವುದಿಲ್ಲ.) ಹಾಗಾಗಿ ರಾಷ್ಟ್ರೀಯ ಲೆಕ್ಕದ ಪದ್ಧತಿಯಲ್ಲಿ ಸರ್ಕಾರಿ ಸೇವೆಯ ಮೌಲ್ಯ ಅಂದರೆ ಅದಕ್ಕೆ ತಗುಲಿದ ಖರ್ಚು, ಮುಖ್ಯವಾಗಿ ಸಂಬಳ. ಸಾಹೇಬರು ಸೀಟಿನಲ್ಲಿದ್ದರೂ ಅಷ್ಟೇ, ಚಹಾಕ್ಕೆ ಹೋಗಿದ್ದರೂ ಅಷ್ಟೇ. ಇದನ್ನು ಕಂಡುಹಿಡಿದವರಿಗೆ ನಮಸ್ಕಾರ ಮಾಡಬೇಕು. ಜಗತ್ತಿನ ಹೆಚ್ಚಿನ ದೇಶಗಳೂ ಹೀಗೇ ಲೆಕ್ಕ ಹಾಕುತ್ತವೆ, ನಮ್ಮವರದೊಂದೇ ತಪ್ಪಲ್ಲ. ಆದರೆ ಇದರ ಪೂರ್ತಿ ಲಾಭ ಪಡೆದವರು ನಾವೇ ಇರಬೇಕು.

ವಿಳಂಬಕ್ಕೆ ಮದ್ದು ಇಲ್ಲ ಅಂತಲ್ಲ. 2011ರಲ್ಲೇ ರಾಜ್ಯದಲ್ಲಿ ಸಕಾಲ ಕಾಯ್ದೆ ಬಂತು. ಹೇಳಿದ ದಿನ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಒಂದು ಪ್ಲೇಟ್ ಗಿರ್ಮಿಟ್, ಜೊತೆಗೆ ಎರಡು ಮಿರ್ಚಿ ತಿಂದರೆ ಆ 20 ಸಾಲುವುದಿಲ್ಲ. ಆದರೂ ಒಳ್ಳೆಯ ಕಾಯ್ದೆಯೇ. ತೊಂದರೆ ಏನಂದರೆ ಅರ್ಜಿ ತಗೊಂಡು ರಸೀದಿ ಕೊಟ್ಟ ಮೇಲೆಯೇ ದಿನ ಎಣಿಕೆ ಶುರು. ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ ಅಂದರೆ ಅರ್ಜಿಯೇ ಇಲ್ಲ. ಅರ್ಜಿ ಇಲ್ಲದ ಮೇಲೆ ವಿಳಂಬ ಎಲ್ಲಿಂದ ಬಂತು?

ಲೆಕ್ಕಕ್ಕೆ ಬರದ ಇನ್ನೊಂದು ಸಂಗತಿ ಇದೆ. ಭಾನುವಾರ ರಾತ್ರಿ ಗೋಕುಲ ರಸ್ತೆ ಕಡೆ ಹೋಗಿ ನೋಡಿ. ಬೆಂಗಳೂರಿನ ಸ್ಲೀಪರ್ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ದೇಶದ ಸೇವಾ ರಫ್ತು 2024-25ರಲ್ಲಿ ಸುಮಾರು 387 ಬಿಲಿಯನ್ ಡಾಲರ್ ಅಂತಾರಲ್ಲ, ಅದರಲ್ಲಿ ನಮ್ಮ ಊರುಗಳ ಪಾಲು ಈ ಬಸ್ಸು ಹತ್ತಿ ಹೋಗುತ್ತದೆ. ಒಂದೊಂದು ಹುಡುಗನ ಕೈಯಲ್ಲೂ ಒಂದು ಚೀಲ. ಅದರಲ್ಲಿ ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಅದೇ ರೊಟ್ಟಿಯನ್ನು ಖಾನಾವಳಿಯವರು ಬಡಿದು ಮಾರಿದರೆ ಹೋಟೆಲ್ ಸೇವೆ, ಜಿಡಿಪಿಗೆ ಸೇರುತ್ತದೆ. ತಾಯಿ ಶನಿವಾರವೆಲ್ಲ ಒಲೆ ಮುಂದೆ ಕೂತು ಬಡಿದರೆ ಸೊನ್ನೆ. ಆ ಸೊನ್ನೆಯನ್ನು ತಿಂದುಕೊಂಡೇ ಅವನು ವಾರವಿಡೀ ಅಮೆರಿಕದವರ ಸರ್ವರ್ ಕೆಳಗೆ ಬೀಳದಂತೆ ಕಾಯುತ್ತಾನೆ. ಅವರ ಸರ್ವರ್ ಬೀಳುವುದೇ ಇಲ್ಲ, ನೋಡಿದ್ದೀರಾ? ಬೀಳುವುದೆಲ್ಲ ನಾಡಕಚೇರಿಯದು.

ನಗುವುದು ಸಾಕು.

ಗದಗ ತಾಲ್ಲೂಕಿನ ಒಂದು ಹಳ್ಳಿ. ಬ್ಯಾಂಕಿನ ಪರವಾಗಿ ಹಳ್ಳಿಯಲ್ಲೇ ದುಡ್ಡು ಕೊಡುವ ಬ್ಯಾಂಕ್ ಮಿತ್ರನ ಅಂಗಡಿ, ಒಂದು ಲ್ಯಾಪ್‌ಟಾಪು, ಬೆರಳು ಇಡುವ ಒಂದು ಸಣ್ಣ ಕೆಂಪು ಬೆಳಕಿನ ಡಬ್ಬಿ. ಒಬ್ಬ ಮುದುಕಿ ಬಂದಿದ್ದಳು. ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ಹೆಬ್ಬೆಟ್ಟು ಇಟ್ಟಳು, ತಗೊಳ್ಳಲಿಲ್ಲ. "ಬೆರಳ ಒರಸಿ ಇಡಬೇ" ಅಂದ ಹುಡುಗ. ಸೆರಗಿಗೆ ಒರೆಸಿ ಇಟ್ಟಳು. ತಗೊಳ್ಳಲಿಲ್ಲ. ತೋರುಬೆರಳು, ನಡುಬೆರಳು, ಎಡಗೈ. ತಲೆಗೆ ಹಚ್ಚಿದ ಎಣ್ಣೆಯ ಮೇಲೆ ಬೆರಳು ಸವರಿ ಮತ್ತೊಮ್ಮೆ. ಆಯುಷ್ಯವೆಲ್ಲ ಕಂಡವರ ಹೊಲದಲ್ಲಿ ಕಳೆ ತೆಗೆದು, ಉಳ್ಳಾಗಡ್ಡಿ ಕಿತ್ತು, ಮೆಣಸಿನಕಾಯಿ ಬಿಡಿಸಿದ ಕೈ. ಗೆರೆ ಎಲ್ಲಿ ಉಳಿದಿರುತ್ತವೆ? ದುಡಿದು ದುಡಿದು ಸವೆದದ್ದಕ್ಕೆ ಯಂತ್ರ ಆಕೆಯನ್ನು ನೀನು ನೀನಲ್ಲ ಅನ್ನುತ್ತದೆ. ಊರಿಗೆಲ್ಲ ಆಕೆ ಗೊತ್ತು. ಆ ಹುಡುಗ ಆಕೆಯ ಮನೆಯ ಪಕ್ಕದವನು. ಆದರೂ ಕೊಡುವ ಹಾಗಿಲ್ಲ. ನಾಚಿಕೆ ಆಗಬೇಕು ನಮಗೆ. 2023-24ರಲ್ಲಿ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 46 ಜನ ಇನ್ನೂ ಹೊಲದಲ್ಲೇ ಇದ್ದರು, ಸೇವಾ ವಲಯದಲ್ಲಿ ಇದ್ದದ್ದು ಸುಮಾರು 30. ಶೇ 55ರ ದುಡ್ಡು ಹುಟ್ಟಿಸುವ ವಲಯಕ್ಕೆ ಹೊಲದವರ ಬೆರಳು ಓದುವಷ್ಟೂ ಪುರುಸೊತ್ತಿಲ್ಲ.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಆಧಾರ್‌ನಲ್ಲಿ ಕಣ್ಣು ತೋರಿಸಿಯೂ, ಮುಖ ತೋರಿಸಿಯೂ ಗುರುತು ಹಿಡಿಸಬಹುದು. ಹುಡುಗ ಅದನ್ನೂ ಹೇಳಿದ. "ಕಣ್ಣಿನ ಮಷಿನ್ ನಮ್ಮಲ್ಲಿಲ್ಲಬೇ ಆಯಿ. ಗದಗ ಬ್ರಾಂಚಿಗೆ ಹೋಗು, ಅಲ್ಲಿ ಸ್ಲಿಪ್ ಬರದು ಕೊಡ್ತಾರ."

"ಇವತ್ತ ಹೋದ್ರ ಕೊಡ್ತಾರೇನಪಾ?"

"ಇವತ್ತ ಬ್ಯಾಡ. ಸರ್ವರ್ ಡೌನ್ ಐತಂತ. ನಾಳಿ ಹೋಗು."

ಮುದುಕಿ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಐತಲ್ಲ, ನಾಳಿ ಹೋಗಿ ಬರ್ತೀನಿ, ಕೊಡದಿದ್ರ ನಾಡಿದ್ದ ಹೋಗ್ತೀನಿ ಅಂದಳು. ಶಕ್ತಿ ಯೋಜನೆಯಲ್ಲಿ ಆಕೆಗೆ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ, ಅದರ ದುಡ್ಡನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ತುಂಬಿ ಕೊಡಬೇಕು. ಸಾರಿಗೆಯೂ ಸೇವಾ ವಲಯವೇ. ಆಕೆ ಗದಗಕ್ಕೆ ಎಷ್ಟು ಸಲ ಅಲೆದರೆ ಅಷ್ಟು ಸಲ ದೇಶದ ಸೇವಾ ಉತ್ಪನ್ನ ಒಂದೊಂದು ಟಿಕೆಟ್‌ನಷ್ಟು ಏರುತ್ತದೆ.