ಕರಿಯನ ಊಟದ ಚೀಲ

ನಾಯಿಗೆ ಓದು ಬರುವುದಿಲ್ಲ ಎಂಬುದು ಅದರ ಊಟದ ಚೀಲ ತಯಾರಿಸುವವರಿಗೂ ಗೊತ್ತು. ಆದರೂ ಚೀಲದ ಮೈತುಂಬ ಬರೆದಿರುತ್ತಾರೆ. ಪ್ರೋಟೀನು ಎಷ್ಟು, ಕೊಬ್ಬು ಎಷ್ಟು, ಮರಿಗೆ ಎಷ್ಟು ಹಾಕಬೇಕು, ಮುದಿ ನಾಯಿಗೆ ಎಷ್ಟು. ಈಚೆಗೆ ಅವುಗಳ ನಡುವೆ ಒಂದು ಹಸಿರು ಎಲೆಯೂ ಚಿಗುರಿದೆ. ಎಲೆಯ ಕೆಳಗೆ ‘ಪರಿಸರಸ್ನೇಹಿ’ ಎಂಬ ಭರವಸೆ. ಗಂಗಾವತಿಯ ನಮ್ಮ ಮನೆಯಲ್ಲಿ ಅದನ್ನು ಓದಿ ಸಂತೋಷಪಡುವವನು ನಾನು. ಕರಿಯ ಮೂಸಿ ನೋಡಿ, ಸರಿಯಾಗಿ ಆ ಎಲೆಯ ಮೇಲೆಯೇ ಹಲ್ಲು ಊರುತ್ತಾನೆ. ಅವನು ಕಿತ್ತ ಜಾಗದಲ್ಲಿ ಖಾಕಿ ಕಾಗದದ ಒಳಗಿನಿಂದ ಬೆಳ್ಳಿ ಬಣ್ಣದ ಹಾಳೆ ಇಣುಕುತ್ತದೆ. ಕಾಗದ ಬರೀ ಅಂಗಿ. ಒಳಗಿನ ಮೈ ಪ್ಲಾಸ್ಟಿಕ್ಕಿನದೇ.

ಅವನ ಹಿಂದಿನವರಿಗೆ ಈ ರಗಳೆ ಇರಲಿಲ್ಲ. ನಮ್ಮ ಕಡೆಯ ನಾಯಿಗಳು ಜೋಳದ ರೊಟ್ಟಿಯ ಮೇಲೆ ಬೆಳೆದವು. ಖಡಕ್ ರೊಟ್ಟಿಯನ್ನು ಒಂದು ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಏಕೆಂದರೆ ಅದರಲ್ಲಿ ಕೆಡುವುದಕ್ಕೆ ನೀರೂ ಇಲ್ಲ, ಜಿಡ್ಡೂ ಇಲ್ಲ. ಕರಿಯನ ಕಾಳುಗಳ ಕಥೆ ಬೇರೆ. ಯಂತ್ರದಲ್ಲಿ ಬೇಯಿಸಿ, ಒಣಗಿಸಿ, ಕೊನೆಗೆ ನಾಯಿಯ ಬಾಯಲ್ಲಿ ನೀರೂರಲೆಂದು ಮೇಲೆ ಕೊಬ್ಬು ಸಿಂಪಡಿಸುತ್ತಾರೆ. ಆ ಕೊಬ್ಬಿಗೆ ಗಾಳಿ ತಗುಲಿದರೆ ಕಮಟು ವಾಸನೆ ಹಿಡಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಆ ಕೆಲಸವನ್ನು ಇನ್ನಷ್ಟು ಬೇಗ ಮುಗಿಸಿಕೊಡುತ್ತದೆ. ಹಾಗಾಗಿ ಅಚ್ಚು ಚೆನ್ನಾಗಿ ಮೂಡಲು ಹೊರಗೊಂದು ಪದರ, ಗಾಳಿ ತಡೆಯಲು ನಡುವೆ ಅಲ್ಯೂಮಿನಿಯಂ, ಬಿಸಿ ಒತ್ತಿ ಬಾಯಿ ಮುಚ್ಚಲು ಒಳಗೊಂದು ಪಾಲಿಥೀನ್ ಪದರ. ಮೂರನ್ನೂ ಬಿಡಿಸಲಾಗದಂತೆ ಅಂಟಿಸಿಬಿಟ್ಟಿರುತ್ತಾರೆ. ಊಟ ಕಾಪಾಡುವ ಲೆಕ್ಕದಲ್ಲಿ ಇದು ಜಾಣತನವೇ. ಅದನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ.

ತೊಡಕು ಶುರುವಾಗುವುದು ಚೀಲ ಬರಿದಾದ ಮೇಲೆ. ನಮ್ಮ ಓಣಿಯಲ್ಲಿ ಪರಿಸರದ ಬಗ್ಗೆ ಕೊನೆಯ ತೀರ್ಪು ಕೊಡುವವನು ಗುಜರಿಯವನು. ಅವನು ಎಲೆಯ ಚಿತ್ರ ನೋಡುವುದಿಲ್ಲ. ಪ್ಯಾಕೆಟ್ಟನ್ನು ಮುಷ್ಟಿಯಲ್ಲಿ ಹಿಸುಕಿ, ಅದು ಚರಪರ ಎಂದು ಮತ್ತೆ ಅರಳಿಕೊಂಡರೆ ಮೋರೆ ತಿರುಗಿಸುತ್ತಾನೆ. “ಇದು ತೂಕಕ್ಕೆ ಬರುವುದಿಲ್ಲ ಸರ್.” ರಟ್ಟು ಬೇಕು, ತಗಡು ಬೇಕು, ಬಾಟಲಿ ಬೇಕು, ಇದು ಬೇಡ. ನಾಯಿಯ ಊಟ ಮೊದಲು ತಗಡಿನ ಡಬ್ಬಿಯಲ್ಲೂ ಬರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ತಗಡಿಗೆ ಬರ ಬಂದಾಗ ಒಣ ಕಾಳಿನ ದಿನಗಳು ಶುರುವಾದವು. ಆ ಯುದ್ಧ ಎಂದೋ ಮುಗಿಯಿತು. ಅದರ ಖಾಲಿ ಪ್ಯಾಕೆಟ್ಟು ಮಾತ್ರ ಇಲ್ಲಿ ನನ್ನ ಕೈಯಲ್ಲಿದೆ.

ಕಾನೂನು ಇಲ್ಲವೆಂದಲ್ಲ. ಪ್ಲಾಸ್ಟಿಕ್ ತ್ಯಾಜ್ಯವನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2016ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ಸ್ಟ್ರಾ, ಕಿವಿಕಡ್ಡಿಗಳಿಗೆ ನಿಷೇಧ ಬಂತು. ಈ ಮೂರು ಪದರದ ಪ್ಯಾಕೆಟ್ಟು ಆ ಪಟ್ಟಿಯಲ್ಲಿಲ್ಲ. ಹೇಗೋ ಸಂಗ್ರಹವಾದವು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುವುದುಂಟು. ಉಳಿದವು ಚರಂಡಿಯ ಪಾಲು.

ಇನ್ನು ‘ಗೊಬ್ಬರವಾಗುವ ಪ್ಯಾಕೆಟ್’ ಎಂಬುದೊಂದಿದೆ. ಕೇಳಲು ಹಿತವಾಗಿದೆ, ಹಿತ್ತಲಿನ ತಿಪ್ಪೆಗೆ ಎಸೆದರಾಯಿತಲ್ಲ! ಆದರೆ ಇವುಗಳಲ್ಲಿ ಬಹಳಷ್ಟು ಸರಿಯಾಗಿ ಕೊಳೆಯಬೇಕಾದರೆ 58 ಡಿಗ್ರಿಯ ಆಸುಪಾಸಿನ ಕಾವನ್ನು ಹದ ತಪ್ಪದಂತೆ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕ ಬೇಕು. ಬಿಸಿಲಿಗೆ ಹೆಸರಾದ ರಾಯಚೂರು ಕೂಡ ಅಷ್ಟು ಕಾಯುವುದಿಲ್ಲ. ನನಗೆ ಹೆಚ್ಚು ನಂಬಿಕೆ ಇರುವುದು ಒಂದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಇಡೀ ಚೀಲ ಮಾಡುವ ಹೊಸ ಪ್ರಯತ್ನದ ಮೇಲೆ. ನೋಡಲು ಅದರಲ್ಲಿ ಏನೂ ಹಸಿರಿಲ್ಲ, ಆದರೆ ಕರಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಗುಜರಿಯವನು ಅದಕ್ಕೊಂದು ದರ ಹೇಳಿದ ದಿನ ನಾನೂ ಒಪ್ಪುತ್ತೇನೆ.

ಅಲ್ಲಿಯವರೆಗೆ ನಮ್ಮೂರಿನದೇ ಒಂದು ದಾರಿ ಇದೆ. ಅಕ್ಕಿ ಗಿರಣಿಗಳ ಊರಿನಲ್ಲಿ ಹೆಣೆದ ಪ್ಲಾಸ್ಟಿಕ್ ಚೀಲವನ್ನು ಯಾರೂ ಕಸವೆಂದು ಎಣಿಸುವುದಿಲ್ಲ. ಅಕ್ಕಿ ಮುಗಿದ ಮೇಲೆ ಅದು ಹಿಡಿಕೆ ಹೊಲಿಸಿಕೊಂಡು ಸಂತೆಗೆ ಹೋಗುತ್ತದೆ, ಮಳೆಗೆ ಕೊಪ್ಪೆಯಾಗುತ್ತದೆ, ಮುಪ್ಪಿನಲ್ಲಿ ಬಚ್ಚಲ ಮುಂದೆ ಕಾಲೊರಸಾಗಿ ಬಿದ್ದಿರುತ್ತದೆ. ನಾಯಿ ಊಟದ 20 ಕಿಲೋ ಚೀಲವೂ ಹಲವು ಸಲ ಇದೇ ಹೆಣಿಗೆಯದು. ಸಣ್ಣ ಪ್ಯಾಕೆಟ್ಟುಗಳ ಸಹವಾಸ ಬಿಟ್ಟು, ಓಣಿಯ ನಾಯಿ ಸಾಕಿದವರೆಲ್ಲ ಸೇರಿ ದೊಡ್ಡದೊಂದು ಚೀಲ ತಂದು ಹಂಚಿಕೊಳ್ಳುತ್ತೇವೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಪ್ರತಿ ಮನೆಯಲ್ಲೂ ಇದೆ. ಖಾಲಿ ಚೀಲ ಸರದಿಯ ಪ್ರಕಾರ ಒಬ್ಬೊಬ್ಬರಿಗೆ.

ಈ ಸಲದ ಸರದಿ ಪಕ್ಕದ ಮನೆಯ ಮೇಷ್ಟ್ರದಾಗಿತ್ತು. ಅವರು ಅದಕ್ಕೆ ಚೆಂದದ ಹಿಡಿಕೆ ಹೊಲಿಸಿ ತರಕಾರಿ ತರಲು ಹೊರಟರು. ಚೀಲವನ್ನು ತೊಳೆದು ಒಣಗಿಸಿದ್ದರೂ ಸಿಂಪಡಿಸಿದ ಕೊಬ್ಬಿನ ವಾಸನೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೇಷ್ಟ್ರು ಸೊಪ್ಪಿನವಳ ಮುಂದೆ ನಿಂತು ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡುತ್ತಿದ್ದರೆ ಹಿಂದೆ ಮಾರುಕಟ್ಟೆಯ ನಾಯಿಗಳೆಲ್ಲ ಬಾಲ ಅಲ್ಲಾಡಿಸುತ್ತ ಸಾಲಾಗಿ ಕುಳಿತಿದ್ದವಂತೆ. ಸೊಪ್ಪಿನವಳು ಆ ಸಾಲನ್ನೂ ಅವರನ್ನೂ ನೋಡಿ, “ಮೇಷ್ಟ್ರೇ, ಇವತ್ತು ಶಾಲೆ ಇಲ್ಲೇ ಏನು?” ಎಂದು ಕೇಳಿ, ಹೆಚ್ಚಿನ ಚೌಕಾಸಿ ಇಲ್ಲದೆಯೇ ಎರಡು ರೂಪಾಯಿ ಬಿಟ್ಟುಕೊಟ್ಟಳಂತೆ.