ಮೇಳದ ಯಜಮಾನ ಯಾರು?

ಹೋದ ಭಾನುವಾರ ನಮ್ಮ ಮನೆಯಲ್ಲಿ ಸಣ್ಣದೊಂದು ಗಲಾಟೆ ಆಯಿತು. ತಪ್ಪು ನನ್ನದೇ. ಅಪ್ಪನಿಗೆ ಮಧ್ಯಾಹ್ನ ಊಟ ಮುಗಿಸಿ, ಟಿವಿಯಲ್ಲಿ ಯೂಟ್ಯೂಬ್ ಹಾಕಿ, ಯಕ್ಷಗಾನ ನೋಡುತ್ತಾ ಹಾಗೇ ತೂಕಡಿಸುವ ಅಭ್ಯಾಸ. ಅವತ್ತು ರಿಮೋಟ್ ನನ್ನ ಕೈಯಲ್ಲಿತ್ತು. ಸುಮ್ನೆ ಕೀಟಲೆಗೆ, "ಅಪ್ಪ, ಇವತ್ತು ದಶಾವತಾರ ಕೇಳಿ" ಅಂತ ಹೇಳಿ ಡೀಮಾನಿಕ್ ರಿಸರೆಕ್ಷನ್ ಅನ್ನುವ ಮೆಟಲ್ ಬ್ಯಾಂಡಿನ 'ನರಸಿಂಹ' ಹಾಕಿಬಿಟ್ಟೆ. ಮೆಟಲ್ ಅಂದರೆ ರಾಕ್ ಸಂಗೀತದ ಅತಿ ಗಡುಸಾದ ರೂಪ.

ಅಪ್ಪ ಎದ್ದು ಕೂತರು. "ಎಂತ ಮಾರಾಯ ಇದು? ಮಿಕ್ಸಿಗೆ ಕಲ್ಲು ಬಿದ್ದ ಹಾಗೆ!"

ಅಡುಗೆಮನೆಯಿಂದ ಅಮ್ಮನೂ ಬಂದರು. ಆದರೆ ನಾನು ನಿಲ್ಲಿಸಲು ಹೋದಾಗ ಅಪ್ಪನೇ ಕೈ ಎತ್ತಿ ತಡೆದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. ಡಬಲ್ ಬೇಸ್ ಡ್ರಮ್ಮಿನ ಹೊಡೆತಕ್ಕೆ ಅವರ ಬಲಗೈ ಬೆರಳು ತೊಡೆಯ ಮೇಲೆ ತನ್ನಷ್ಟಕ್ಕೆ ತಾಳ ಹುಡುಕುತ್ತಿತ್ತು. ಕೊನೆಗೆ ತೀರ್ಪು ಬಂತು. "ಶ್ರುತಿ ಇಲ್ಲ. ಆದ್ರೆ ಉಸಿರು ಉಂಟು. ಬಣ್ಣದ ವೇಷಕ್ಕೆ ಆಗ್ತಾನೆ." ಬಣ್ಣದ ವೇಷ ಅಂದರೆ ಯಕ್ಷಗಾನದ ರಾಕ್ಷಸ ಪಾತ್ರ.

ಆಮೇಲೆ ಕೇಳಿದರು: "ಇವರ ಮೇಳದ ಯಜಮಾನ ಯಾರು?" ಯಕ್ಷಗಾನದಲ್ಲಿ ಮೇಳ ಅಂದರೆ ತಂಡ, ಯಜಮಾನ ಅಂದರೆ ಅದನ್ನು ನಡೆಸುವವನು.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಈ ಬ್ಯಾಂಡಿನ ಹಾಡು ಕೇಳಿದ್ದೇನೆ. ಗಿಟಾರಿಸ್ಟ್ ಯಾರು, ಡ್ರಮ್ಮರ್ ಬದಲಾದದ್ದು ಒಳ್ಳೆಯದಾಯಿತಾ ಕೆಟ್ಟದಾಯಿತಾ, ಹಾಡಿನ ಮಧ್ಯ ಕ್ಲೀನ್ ವೋಕಲ್ಸ್, ಅಂದರೆ ಅಬ್ಬರಿಸದೆ ಹಾಡುವುದು, ಬೇಕಿತ್ತಾ ಅಂತ ಗೆಳೆಯರ ಜೊತೆ ಬೆಳಗಿನವರೆಗೆ ಜಗಳ ಆಡಿದ್ದೇನೆ. ಆದರೆ ಈ ಪ್ರಶ್ನೆಯನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡೀಮಾನಿಕ್ ರಿಸರೆಕ್ಷನ್ ಮುಂಬೈಯ ಬ್ಯಾಂಡ್. ಶುರುವಾದದ್ದು 2000ದಲ್ಲಿ. ಶುರು ಮಾಡಿದವನು ಸಾಹಿಲ್ ಮಖಿಜಾ, ವೇದಿಕೆ ಮೇಲಿನ ಹೆಸರು ಡೀಮನ್‌ಸ್ಟೀಲರ್. ಆಗ ಇನ್ನೂ ಕಾಲೇಜು ವಯಸ್ಸಿನ ಹುಡುಗ. ಅದೇ ವರ್ಷ ಮೊದಲ ಆಲ್ಬಮ್ಮೂ ಬಂತು, ಅದರ ಹೆಸರೂ 'ಡೀಮನ್‌ಸ್ಟೀಲರ್'. ಡೆತ್ ಮೆಟಲ್ಲಿನ ಗಂಟಲು, ಬ್ಲ್ಯಾಕ್ ಮೆಟಲ್ಲಿನ ವೇಗ, ಮೇಲಿಂದ ಕೀಬೋರ್ಡಿನ ದೊಡ್ಡ ಮೋಡ. ನಮ್ಮೂರಲ್ಲಿ ಆಗ ಇಂಥದ್ದನ್ನು ಕೇಳುವವರೇ ಕಡಿಮೆ, ಮಾಡುವವರಂತೂ ಬೆರಳೆಣಿಕೆ. ಆ ಆಲ್ಬಮ್ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಹಸಿ ಹಸಿ ಇತ್ತು. ಹೊಸ ಕಾವಲಿಯ ಮೊದಲ ದೋಸೆ ಇದ್ದ ಹಾಗೆ, ಅರ್ಧ ಕಾವಲಿಗೇ ಹಿಡಿದಿತ್ತು.

ಬೊಂಬಾಯಿಗೆ ರಾಕ್ ಹೊಸದೇನಲ್ಲ. 1984ರಲ್ಲಿ ರಾಕ್ ಮಷೀನ್ ಅನ್ನುವ ಬ್ಯಾಂಡ್ ಶುರುವಾಗಿ, 1993ರಲ್ಲಿ ಇಂಡಸ್ ಕ್ರೀಡ್ ಅಂತ ಹೆಸರು ಬದಲಾಯಿಸಿಕೊಂಡಿತ್ತು. ಎಂಟೀವಿಯಲ್ಲಿ ಅವರ ಹಾಡು ಬಂದಾಗ ನಮ್ಮ ಚಾಳಿನ ಹುಡುಗರೆಲ್ಲ ಒಂದೇ ಟಿವಿ ಮುಂದೆ ಕೂತಿದ್ದು ನನಗೆ ನೆನಪಿದೆ. ಆ ತಲೆಮಾರಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡುತ್ತೇನೆ.

ನನ್ನ ಕಾಲದ್ದು ರಂಗಭವನ. ಧೋಬಿ ತಲಾವಿನ ಬಯಲು ರಂಗಮಂದಿರ. ಸಿಎಸ್‌ಟಿಯಲ್ಲಿ ಇಳಿದು ನಡೆದರೆ ಹತ್ತೇ ನಿಮಿಷ. 1986ರಿಂದ ಅಲ್ಲಿ ಇಂಡಿಪೆಂಡೆನ್ಸ್ ರಾಕ್ ಅನ್ನುವ ರಾಕ್ ಹಬ್ಬ ನಡೆಯುತ್ತಿತ್ತು, ಎಲ್ಲರ ಬಾಯಲ್ಲಿ ಐ-ರಾಕ್. ಆಗಸ್ಟ್ ತಿಂಗಳ ಮಳೆ, ಮೈಗೆ ಅಂಟಿದ ಕಪ್ಪು ಟೀಶರ್ಟ್, ಪಕ್ಕದವನ ಒದ್ದೆ ಕೂದಲು ಮುಖಕ್ಕೆ ರಪ್ ಅಂತ ಬಡಿಯುವುದು. ಮನೆಗೆ ಬಂದಾಗ ಅಮ್ಮ ಕೇಳುತ್ತಿದ್ದರು, "ಮಂದಾರ್ತಿ ಜಾತ್ರೆಗೆ ಹೋಗಿದ್ಯಾ?" ಹೆಚ್ಚು ಕಡಿಮೆ ಹಾಗೇ ಇತ್ತು ಬಿಡಿ.

ಆದರೆ ರಂಗಭವನದ ಸುತ್ತ ಆಸ್ಪತ್ರೆ ಉಂಟು, ಕಾಲೇಜು ಉಂಟು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ ಆಗಿತ್ತು. ಕೆಲವೇ ವರ್ಷದಲ್ಲಿ ಅಲ್ಲಿನ ರಾಕ್ ಶೋಗಳು ನಿಂತವು. ಐ-ರಾಕ್ ಅಂಧೇರಿಯ ಚಿತ್ರಕೂಟ ಮೈದಾನಕ್ಕೆ ಬಂತು. ಮೈಕಿಗೆ ರಾತ್ರಿ ಹತ್ತು ಗಂಟೆಯ ಗಡಿ ಬಿತ್ತು. ಆ ಹತ್ತು ಗಂಟೆ ಊರಿನ ಯಕ್ಷಗಾನದ ಆಟವನ್ನೂ ಬಿಡಲಿಲ್ಲ. ಇಡೀ ರಾತ್ರಿಯ ಎಷ್ಟೋ ಆಟ ಕಾಲಮಿತಿ ಯಕ್ಷಗಾನ ಆಯಿತು. ಅಪ್ಪನಿಗೆ ಕಾಲಮಿತಿ ಕಂಡರೆ ಸಿಟ್ಟು. "ರಾಕ್ಷಸ ಒಡ್ಡೋಲಗ ಮುಗಿಸುವಷ್ಟರಲ್ಲಿ ಮಂಗಳ ಹಾಡ್ತಾರೆ" ಅಂತ ಗೊಣಗುತ್ತಾರೆ. ನನಗೆ ರಂಗಭವನ ನೆನೆದರೆ ಅದೇ ಸಿಟ್ಟು. ಅಪ್ಪ ಮಗ ಇಬ್ಬರೂ ಒಂದೇ ನಿಯಮಕ್ಕೆ ಬೈಯುತ್ತಿದ್ದೆವು ಅಂತ ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ಆಸ್ಪತ್ರೆಯಲ್ಲಿ ಮಲಗಿದವರ ಕಷ್ಟವೂ ಸುಳ್ಳಲ್ಲ, ಅದು ಬೇರೆ ಮಾತು.

ನಮಗೂ ಒಂದು ಬ್ಯಾಂಡ್ ಇತ್ತು. ನಗಬೇಡಿ. ನಾಲ್ಕು ಜನ, ಐದು ಶೋ, ಎರಡು ವರ್ಷ. ಹೆಸರು ಹೇಳುವುದಿಲ್ಲ, ನಮ್ಮ ಬೇಸಿಸ್ಟ್ ಈಗ ಬ್ಯಾಂಕ್ ಮ್ಯಾನೇಜರ್. ಸಾಕಿನಾಕಾದಲ್ಲಿ ಅಪ್ಪನ ಕ್ಯಾಂಟೀನ್. ಹಿಂದಿನ ಅಕ್ಕಿ ಕೋಣೆಯೇ ನಮ್ಮ ಜ್ಯಾಮ್ ರೂಮ್, ಅಂದರೆ ಅಭ್ಯಾಸದ ಜಾಗ. ರಾತ್ರಿ ಗಿರಾಕಿ ಹೋದ ಮೇಲೆ ಗೋಣಿಗಳನ್ನು ಗೋಡೆಗೆ ಪೇರಿಸಿದರೆ ಸೌಂಡ್ ಹೊರಗೆ ಹೋಗುತ್ತಿರಲಿಲ್ಲ. ಅಂದರೆ ಕಡಿಮೆ ಹೋಗುತ್ತಿತ್ತು. ಶೋ ಇದ್ದ ದಿನ ಡ್ರಮ್ ಸೆಟ್ಟಿನ ಸಿಂಬಲ್‌ಗಳನ್ನು, ಅಂದರೆ ಲೋಹದ ತಟ್ಟೆಗಳನ್ನು, ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿ, ಖಾಲಿ ಅಕ್ಕಿ ಗೋಣಿಗೆ ಹಾಕಿ, ಲೋಕಲ್ ಟ್ರೇನಿನ ಲಗೇಜ್ ಡಬ್ಬಿ ಹತ್ತುತ್ತಿದ್ದೆವು. ಅಲ್ಲಿ ಮೀನು ಬುಟ್ಟಿಯ ಹೆಂಗಸರು, ಹಾಲಿನ ಕ್ಯಾನಿನ ಭಯ್ಯಾಗಳು, ಮಧ್ಯದಲ್ಲಿ ನಾವು. ಒಂದು ಸಲ ಮೀನಿನ ಮಾವಶಿಯೊಬ್ಬರು ಗೋಣಿ ಮೇಲೆ ಕೂತುಬಿಟ್ಟರು. ಒಳಗಿಂದ ಝಣ್ ಅಂತ ಸದ್ದು. ಆಯಮ್ಮ ಹೌಹಾರಿ ಎದ್ದದ್ದು, ಇಡೀ ಡಬ್ಬಿ ನಕ್ಕದ್ದು ಇನ್ನೂ ಕಣ್ಣ ಮುಂದಿದೆ. ಆ ಸಿಂಬಲ್ಲಿನ ಅಂಚು ಸೀಳಿತ್ತು. ಮುಂದಿನ ಮೂರು ಶೋ ಅದೇ ಸೀಳಿನಲ್ಲಿ ನಡೆಯಿತು.

ಕೊನೆಯ ಶೋ ಒಂದು ಕಾಲೇಜು ಹಬ್ಬದಲ್ಲಿ. ಮೂರನೇ ಹಾಡಿನ ಮಧ್ಯೆ ಕರೆಂಟ್ ಹೋಯಿತು. ಹೋದದ್ದಲ್ಲ, ತೆಗೆದದ್ದು. ಆಮೇಲೆ ಫ್ಯಾಷನ್ ಶೋ ಇತ್ತು, ಅದಕ್ಕೆ ತಡವಾಗುತ್ತಿತ್ತಂತೆ. ಹೇಳಿದ್ದ ದುಡ್ಡೂ ಬರಲಿಲ್ಲ. ಟ್ಯಾಕ್ಸಿಗೆ ಅಂತ ಕೊಟ್ಟ ಇನ್ನೂರು ರೂಪಾಯಿಯಲ್ಲಿ ನಾವು ನಾಲ್ವರು ಪಾವ್ ಭಾಜಿ ತಿಂದು ಬ್ಯಾಂಡ್ ಮುಗಿಸಿದೆವು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮಲ್ಲಿ ಗಿಟಾರ್ ಬಾರಿಸುವವನಿದ್ದ, ಕೂಗುವವನಿದ್ದ. ಹಾಲ್ ಬುಕ್ ಮಾಡುವವನಿರಲಿಲ್ಲ. ಫೋನ್ ಮಾಡಿ ದುಡ್ಡು ವಸೂಲಿ ಮಾಡುವವನಿರಲಿಲ್ಲ. ಸೌಂಡಿನವನ ಹತ್ತಿರ ಜಗಳಕ್ಕೆ ನಿಲ್ಲುವವನಿರಲಿಲ್ಲ. ಯಜಮಾನ ಇರಲಿಲ್ಲ.

ಸಾಹಿಲ್ ಮಾಡಿದ್ದು ನೋಡಿ. ರೆಕಾರ್ಡ್ ಮಾಡಲು ಜಾಗ ಇಲ್ಲವಾ, ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡ. ಸಿಡಿ ಹೊರತರುವ ಕಂಪನಿ ಇಲ್ಲವಾ, ಡೀಮನ್‌ಸ್ಟೀಲರ್ ರೆಕಾರ್ಡ್ಸ್ ಅಂತ ತಾನೇ ಶುರು ಮಾಡಿದ, ತನ್ನದಷ್ಟೇ ಅಲ್ಲ, ಬೇರೆ ಬ್ಯಾಂಡುಗಳದ್ದನ್ನೂ ತಂದ. ಮೆಟಲ್ ಹಾಡಲು ವೇದಿಕೆ ಇಲ್ಲವಾ, ರಿಸರೆಕ್ಷನ್ ಅಂತ ಸ್ವಂತ ಹಬ್ಬ ನಡೆಸಿದ. ತನ್ನ ಇನ್ನೊಂದು ಬ್ಯಾಂಡ್ ರೆಪ್ಟಿಲಿಯನ್ ಡೆತ್‌ನಲ್ಲಿ ತಾನೇ ಡ್ರಮ್ಮಿಗೆ ಕೂತ. ಕೇಳಿದವರಿಗೆ ಗೊತ್ತು. ಸಾಲಿಗ್ರಾಮ ಮೇಳವನ್ನು ಪಳ್ಳಿ ಸೋಮನಾಥ ಹೆಗ್ಡೆಯವರು ನಡೆಸಿದ ಕಾಲದ ಕಥೆ ಅಪ್ಪ ಹೇಳುತ್ತಾರೆ. ಡೇರೆ ಎಲ್ಲಿ ಹಾಕುವುದು, ಟಿಕೆಟ್ ಎಷ್ಟು, ಮಳೆ ಬಂದರೆ ಏನು, ಭಾಗವತರು ಮುನಿಸಿಕೊಂಡರೆ ಯಾರು ಸಮಾಧಾನ ಮಾಡುವುದು. ಆಟ ನೋಡುವವನಿಗೆ ಕಾಣುವುದು ಕಿರೀಟ. ಲಾರಿಯಲ್ಲಿ ಪೆಟ್ಟಿಗೆ ಹೋಗುವುದು ಕಾಣುವುದಿಲ್ಲ.

ಒಂದು ಕಾಲಕ್ಕೆ ನಾನೂ ಅವನನ್ನು ಬೈದಿದ್ದೆ. "ಹಾಡಿಗಿಂತ ಪ್ರಚಾರ ಜಾಸ್ತಿ" ಅಂತ. ಮೆಟಲ್ ಕೇಳುವ ಹುಡುಗರಿಗೆ ಇದೊಂದು ರೋಗ, ಯಾರಾದರೂ ಪೋಸ್ಟರ್ ಅಂಟಿಸಿದರೆ ಅವನು ಕಲಾವಿದನೇ ಅಲ್ಲ. ಈಗ ನಾಚಿಕೆ ಆಗುತ್ತದೆ. ನಾವು ಪೋಸ್ಟರ್ ಅಂಟಿಸಲಿಲ್ಲ, ಎರಡು ವರ್ಷಕ್ಕೆ ಮುಗಿದೆವು.

ಹಾಡಿನ ವಿಷಯಕ್ಕೆ ಬರೋಣ. 2005ರ 'ಎ ಡಾರ್ಕ್‌ನೆಸ್ ಡಿಸೆಂಡ್ಸ್' ಬಂದಾಗ ಇವರು ನಿಜಕ್ಕೂ ಬ್ಯಾಂಡ್ ಆಗಿದ್ದಾರೆ ಅನ್ನಿಸಿತು. 2007ರಲ್ಲಿ ಒಂದು ಇಪಿ, ಅಂದರೆ ಸಣ್ಣ ಆಲ್ಬಮ್, 2010ರಲ್ಲಿ 'ದ ರಿಟರ್ನ್ ಟು ಡಾರ್ಕ್‌ನೆಸ್', ಮೂರೂ ಸೇರಿ ಒಂದು ಸರಣಿ. ನನ್ನ ಮಟ್ಟಿಗೆ ಈ ಕೊನೆಯದೇ ಅವರ ಅತ್ಯುತ್ತಮ. ಇಂಗ್ಲೆಂಡಿನ ಕ್ಯಾಂಡಲ್‌ಲೈಟ್ ರೆಕಾರ್ಡ್ಸ್ ಅದನ್ನು ಹೊರಗೆ ತಂದಿತು. ಕ್ಯಾಂಡಲ್‌ಲೈಟ್ ಅಂದರೆ ನಾವು ನಾರ್ವೆಯ ಬ್ಲ್ಯಾಕ್ ಮೆಟಲ್ ಬ್ಯಾಂಡ್ ಎಂಪರರ್‌ನ ಸಿಡಿಯ ಬೆನ್ನಲ್ಲಿ ಓದಿದ ಹೆಸರು! ಅದೇ ವರ್ಷ ಮೆಟಲ್ ಹ್ಯಾಮರ್ ಪತ್ರಿಕೆಯ ಗೋಲ್ಡನ್ ಗಾಡ್ಸ್ ಸಮಾರಂಭದಲ್ಲಿ ಗ್ಲೋಬಲ್ ಮೆಟಲ್ ಪ್ರಶಸ್ತಿ. ನಾರ್ವೆಯ ಇನ್ಫರ್ನೋ, ಇಂಗ್ಲೆಂಡಿನ ಬ್ಲಡ್‌ಸ್ಟಾಕ್, ಜರ್ಮನಿಯ ವಾಕೆನ್, ಹೀಗೆ ಹೊರದೇಶದ ಮೆಟಲ್ ಹಬ್ಬಗಳೂ ಆದವು. ವಾಕೆನ್ ಸುಮಾರು ಎರಡು ಸಾವಿರ ಜನರ ಹಳ್ಳಿ. 1990ರಿಂದ ವರ್ಷಕ್ಕೊಮ್ಮೆ ಅಲ್ಲಿ ಮೆಟಲ್ ಜಾತ್ರೆ, ಮುಕ್ಕಾಲು ಲಕ್ಷಕ್ಕೂ ಜಾಸ್ತಿ ಜನ. ಮಳೆ ಬಂದರೆ ಗದ್ದೆಯೆಲ್ಲ ಕೆಸರು, ನಮ್ಮ ಕಂಬಳದ ಗದ್ದೆಯ ಹಾಗೆ. ಅದರಲ್ಲೇ ಕುಣಿಯುತ್ತಾರೆ.

ನಡುವೆ ಜನ ಬಂದರು, ಹೋದರು. ಇಲ್ಲಿ ಮೆಟಲ್ ಬಾರಿಸಿ ಬಾಡಿಗೆ ಕಟ್ಟಲು ಆಗುವುದಿಲ್ಲ. ಮದುವೆ ಆಗುತ್ತದೆ, ಕೆಲಸ ಸಿಗುತ್ತದೆ, ಡೊಂಬಿವಲಿಯಲ್ಲಿ ಫ್ಲಾಟ್ ಇಎಂಐ ಶುರುವಾಗುತ್ತದೆ. ಯಾರನ್ನೂ ದೂರುವ ಹಾಗಿಲ್ಲ.

ಮತ್ತೆ 2017ರಲ್ಲಿ 'ದಶಾವತಾರ್'. ಹತ್ತು ಹಾಡು, ಹತ್ತು ಅವತಾರ. ಮತ್ಸ್ಯದಿಂದ ಕಲ್ಕಿಯವರೆಗೆ. ಸಾಹಿತ್ಯ ಇಂಗ್ಲಿಷ್, ಅಲ್ಲಲ್ಲಿ ನಮ್ಮ ವಾದ್ಯಗಳು. ಈ ಆಲ್ಬಮ್ ಬಗ್ಗೆ ನನಗೆ ಎರಡು ಮನಸ್ಸು. ಕೆಲವು ಕಡೆ ದೇಸಿ ವಾದ್ಯ ಊಟಕ್ಕೆ ಮೇಲಿಂದ ಉದುರಿಸಿದ ಕೊತ್ತಂಬರಿ ಹಾಗೆ, ತೆಗೆದರೂ ರುಚಿ ಬದಲಾಗುವುದಿಲ್ಲ. ಆದರೆ ನರಸಿಂಹದಲ್ಲಿ ಗ್ರೌಲ್, ಅಂದರೆ ಗಂಟಲಾಳದ ಆ ಗರ್ಜನೆ, ಸರಿಯಾದ ಜಾಗಕ್ಕೆ ಬಂದಿದೆ. ಅರ್ಧ ಸಿಂಹ ಅರ್ಧ ಮನುಷ್ಯ ಆದವನು ಮತ್ತೆ ಹೇಗೆ ಹಾಡಬೇಕು ಹೇಳಿ? ಸಣ್ಣವನಿದ್ದಾಗ ಮಳೆಗಾಲದಲ್ಲಿ ಊರಿನ ಕಲಾವಿದರು ಬೊಂಬಾಯಿಗೆ ತಿರುಗಾಟಕ್ಕೆ ಬರುತ್ತಿದ್ದರು. ಅಪ್ಪನ ಮಡಿಲಲ್ಲಿ ಕೂತು ನೋಡಿದ ಹಿರಣ್ಯಕಶಿಪುವಿನ ಆರ್ಭಟೆ, ಅದಕ್ಕೆ ಚಂಡೆಯ ಏಟು. ಹೊಟ್ಟೆಯೊಳಗೆ ನಡುಗುತ್ತಿತ್ತು. ಮುಂದೆ ಡಬಲ್ ಬೇಸ್ ಮೊದಲ ಸಲ ಹತ್ತಿರದಿಂದ ಕೇಳಿದಾಗ ನಡುಗಿದ್ದು ಅದೇ ಜಾಗ. "ಇದು ನಮ್ಮದಲ್ಲ, ಹೊರಗಿನದ್ದು" ಅಂತ ಉಪದೇಶ ಮಾಡುವವರು ಒಂದು ರಾತ್ರಿ ಚಂಡೆಯ ಎದುರು ಕೂರಬೇಕು.

ಇಷ್ಟು ಕಥೆಯನ್ನು ಭಾನುವಾರ ಅಪ್ಪನಿಗೆ ಹೇಳಿದೆ. ಗಮನ ಕೊಟ್ಟು ಕೇಳಿದರು. ಮೊದಲ ತಕರಾರು: "ಬಲರಾಮ ಎಲ್ಲಿ? ಬುದ್ಧ ಹೇಗೆ ಬಂದ?" ಅದಕ್ಕೆ ನಾನು ಸಾಹಿಲ್ ಪರವಾಗಿ ಹತ್ತು ನಿಮಿಷ ವಾದ ಮಾಡಬೇಕಾಯಿತು. ಆ ಆಲ್ಬಮ್ಮಿನಲ್ಲಿ ಲೀಡ್ ಗಿಟಾರ್ ನಿಶಿತ್ ಹೆಗ್ಡೆ ಅಂದಾಗ ಮುಖ ಅರಳಿತು. "ಹೆಗ್ಡೆಯಾ? ಯಾವ ಊರು?" ನಾನು ಬಾಯಿ ಬಿಡುವ ಮೊದಲೇ ನಮ್ಮ ಕುಂದಾಪುರ ಕಡೆಯವನೇ ಅಂತ ತೀರ್ಮಾನ ಆಗಿಹೋಗಿತ್ತು.

ಸಾಹಿಲ್ ಒಬ್ಬನೇ ಮಾಡಿದ ಆಲ್ಬಮ್ಮುಗಳ ವಿಷಯವೂ ಬಂತು. 2016ರ 'ದಿಸ್ ಬರ್ಡನ್ ಈಸ್ ಮೈನ್'ಗೆ ಡ್ರಮ್ ಬಾರಿಸಿದ್ದು ನೈಲ್ ಬ್ಯಾಂಡಿನ ಜಾರ್ಜ್ ಕೊಲಿಯಾಸ್, ಗ್ರೀಸ್ ದೇಶದವನು ಅಂದೆ. "ಅತಿಥಿ ಕಲಾವಿದ" ಅಂತ ಅಪ್ಪ ಒಂದೇ ಪದದಲ್ಲಿ ಮುಗಿಸಿದರು. ಆಟದ ಕರಪತ್ರದಲ್ಲಿ ಹಾಗೇ ಹಾಕುವುದಲ್ವಾ.

"ಈಗ ಎಂತ ಮಾಡ್ತಾನೆ ಆ ಯಜಮಾನ?"

ನಾನು ಮಾತಾಡಲಿಲ್ಲ. ಹೆಡ್‌ಬ್ಯಾಂಗರ್ಸ್ ಕಿಚನ್ ಚಾನೆಲ್ ಹಾಕಿದೆ. ಅದೇ ಸಾಹಿಲ್. ಮುಂದೆ ಒಲೆ, ಕೈಯಲ್ಲಿ ಸೌಟು. ಮೊದಲು ಮೆಟಲ್ ಬ್ಯಾಂಡಿನವರಿಗೆ ಅಡುಗೆ ಮಾಡಿ ಬಡಿಸಿ ಮಾತಾಡಿಸುತ್ತಿದ್ದ, ಆಮೇಲೆ ಕೀಟೋ ಅಡುಗೆಗೆ ಹೆಸರಾದ. ಅಕ್ಕಿ ಇಲ್ಲ, ಗೋಧಿ ಇಲ್ಲ, ಸಕ್ಕರೆ ಇಲ್ಲ. ದೇಶ ವಿದೇಶದಲ್ಲಿ ನೋಡುವವರಿದ್ದಾರೆ.

ನಲವತ್ತು ವರ್ಷ ಕ್ಯಾಂಟೀನ್ ನಡೆಸಿದ ಮನುಷ್ಯ ಕನ್ನಡಕ ಹಾಕಿಕೊಂಡು ಟಿವಿ ಹತ್ತಿರ ಕುರ್ಚಿ ಎಳೆದರು. ಈರುಳ್ಳಿ ಹೆಚ್ಚುವ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಂತೂ ಹೋಟೆಲಿಗೇ ಬಂದ ಅನ್ನು" ಅಂದರು. "ಉರಿ ಸ್ವಲ್ಪ ಜಾಸ್ತಿ ಆಯ್ತು ಅವನಿಗೆ. ತಳ ಹಿಡೀತದೆ ಈಗ, ನೋಡ್ತಾ ಇರು."