ಡಾಕ್ಟರ್ ಓಡಿಸಿದ ಗಾಡಿ

ಬೆಂಗಳೂರಿನಲ್ಲಿ ಹಳೆಯ ಕಾರು ಕೊಳ್ಳಲು ಹೊರಟವನಿಗೆ ಮೊದಲು ಎದುರಾಗುವುದು ಕಾರಲ್ಲ, ಡಾಕ್ಟರು. ಯಾವ ಗಾಡಿಯನ್ನೇ ತೋರಿಸಲಿ, ಬಾನೆಟ್ ಎತ್ತುವ ಮೊದಲೇ ಬ್ರೋಕರನ ಬಾಯಿಂದ ಆ ವಾಕ್ಯ ಹೊರಬಿದ್ದಿರುತ್ತದೆ: "ಡಾಕ್ಟರ್ ಓಡಿಸಿದ ಗಾಡಿ ಸಾರ್. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ, ಅಷ್ಟೇ." ಸಂಸಾರಸ್ಥರ ಸಾಧುಕಾರುಗಳ ವಿಷಯದಲ್ಲಿ ಈ ಮಾತನ್ನು ಕೇಳಿ ತಲೆಯಾಡಿಸಿ ಸುಮ್ಮನಾಗಬಹುದು. ನಾನು ಹುಡುಕುತ್ತಿರುವುದು ಅಂಥ ಕಾರನ್ನಲ್ಲ. ಆಕ್ಸಿಲರೇಟರ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಬೇಕು, ತಿರುವಿನಲ್ಲಿ ರಸ್ತೆಯ ಸುದ್ದಿ ಸ್ಟಿಯರಿಂಗ್ ಮೂಲಕ ಅಂಗೈಗೆ ತಲುಪಬೇಕು, ಬೆಲೆ ಮಾತ್ರ ಆರೇಳು ಲಕ್ಷವನ್ನು ದಾಟಬಾರದು. ಈ ದುಡ್ಡಿಗೆ ನಮ್ಮಲ್ಲಿ ಎರಡು ಬಾಗಿಲಿನ ಅಪ್ಪಟ ಸ್ಪೋರ್ಟ್ಸ್ ಕಾರು ಸಿಗುವುದಿಲ್ಲವಾದ್ದರಿಂದ, ಮೇಲ್ನೋಟಕ್ಕೆ ಮನೆಮಂದಿಯ ಕಾರಿನಂತಿದ್ದು ಒಳಗೆ ತುಂಟ ಎಂಜಿನ್ ಬಚ್ಚಿಟ್ಟುಕೊಂಡಿರುವ ಪೋಲೋ ಜಿಟಿ, ಫಿಯೆಸ್ಟಾ ಎಸ್, ಅಬಾರ್ತ್ ಪುಂಟೋಗಳ ಬೆನ್ನು ಹತ್ತಬೇಕಾಗುತ್ತದೆ. ಇಂಥ ಕಾರನ್ನು ಇಷ್ಟಪಟ್ಟು ಕೊಂಡು, ಅದನ್ನು ಆಸ್ಪತ್ರೆಗೂ ಮನೆಗೂ ನಡುವೆ ಮೂವತ್ತರ ವೇಗದಲ್ಲಿ ಓಡಿಸಿದ ಡಾಕ್ಟರು ಯಾರಾದರೂ ಇದ್ದರೆ, ಮೊದಲು ಅವರನ್ನೇ ಪರೀಕ್ಷಿಸಬೇಕು.

ನನ್ನ ಬ್ರೋಕರ್ ಈ ವಿದ್ಯೆಯನ್ನು ಉಳಿದವರಿಗಿಂತ ಮುಂದಕ್ಕೆ ಒಯ್ದಿದ್ದಾನೆ. ಅವನ ಡಾಕ್ಟರುಗಳಿಗೆ ವಿಭಾಗಗಳಿವೆ. ಎಡಬದಿಯ ಎರಡೂ ಬಾಗಿಲುಗಳ ಉದ್ದಕ್ಕೂ ಗೀರು ಬಿದ್ದಿದ್ದ ಒಂದು ಕಾರನ್ನು ತೋರಿಸಿ, ಇದು ಕಣ್ಣಿನ ಡಾಕ್ಟರದು ಎಂದ. ಮುಂದಿನ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಲಟಕ್ಕೆಂದು ಸದ್ದು ಮಾಡುತ್ತಿದ್ದ ಪೋಲೋ ಮೂಳೆ ಡಾಕ್ಟರದಾಗಿತ್ತು. ಹಿಂದಿನ ಸೀಟಿನ ತುಂಬ ಬಣ್ಣದ ಪೆನ್ಸಿಲಿನ ಚಿತ್ತಾರವಿದ್ದ ಫಿಯೆಸ್ಟಾ ಯಾರದೆಂದು ನಾನು ಕೇಳಲಿಲ್ಲ. ಅವನಾಗಿಯೇ ಮಕ್ಕಳ ಡಾಕ್ಟರು ಎಂದು ತಿಳಿಸಿದ. ಆರ್‌ಸಿಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿಯೊಂದರ ಹೆಸರಿತ್ತಲ್ಲ ಎಂದು ತೋರಿಸಿದರೆ, ಅವನು ಕಣ್ಣು ಮಿಟುಕಿಸದೆ, "ಅದು ಡಾಕ್ಟರ್ ಭಾವಮೈದುನನ ಅಂಗಡಿ ಸಾರ್" ಎಂದ. ಈ ರಾಜ್ಯದ ವೈದ್ಯಕೀಯ ಕಾಲೇಜುಗಳಿಂದ ಹೊರಬಂದವರೆಲ್ಲ ಒಟ್ಟಾಗಿ ಓಡಿಸಿದ್ದರೂ ಅವನ ಅಂಗಳದಲ್ಲಿರುವ ಕಾರುಗಳಿಗೆ ಡಾಕ್ಟರು ಸಾಲುತ್ತಿರಲಿಲ್ಲ.

ಪೋಲೋ ಜಿಟಿ ಟಿಎಸ್‌ಐ ನಮ್ಮಲ್ಲಿಗೆ ಬಂದದ್ದು 2013ರಲ್ಲಿ. ಎಂಜಿನ್ 1.2 ಲೀಟರಿನಷ್ಟೇ ಆದರೂ, ಒಳಗೆ ಹೆಚ್ಚು ಗಾಳಿ ನೂಕುವ ಟರ್ಬೋದ ದಯೆಯಿಂದ 105 ಅಶ್ವಶಕ್ತಿ ಮತ್ತು 175 ನ್ಯೂಟನ್ ಮೀಟರ್ ಎಳೆತ ಅದಕ್ಕಿದೆ. ಜೊತೆಗೆ ಎರಡು ಕ್ಲಚ್‌ಗಳ, ಏಳು ಗೇರುಗಳ ಡಿಎಸ್‌ಜಿ, ಅಂದರೆ ತಾನಾಗಿಯೇ ಗೇರು ಬದಲಿಸುವ ಗೇರುಪೆಟ್ಟಿಗೆ. ಒಂದು ಗೇರು ಕೆಲಸದಲ್ಲಿರುವಾಗಲೇ ಮುಂದಿನದು ಸಿದ್ಧವಾಗಿ ನಿಂತಿರುವುದರಿಂದ, ಖಾಲಿ ರಸ್ತೆಯಲ್ಲಿ ಗೇರು ಬದಲಾದದ್ದು ಕಿವಿಗೆ ತಿಳಿಯುತ್ತದೆಯೇ ಹೊರತು ಮೈಗೆ ತಿಳಿಯುವುದಿಲ್ಲ. ಇದನ್ನು ನಾನು ಬಲ್ಲೆ, ಏಕೆಂದರೆ ಮಾಗಡಿ ರಸ್ತೆಯಲ್ಲಿ ಸುಮಾರು ಎಂಟು ಸೆಕೆಂಡುಗಳ ಕಾಲ ನಮ್ಮ ಮುಂದೆ ಯಾರೂ ಇರಲಿಲ್ಲ. ಆಮೇಲೆ ಸುಮನಹಳ್ಳಿ ಜಂಕ್ಷನ್ ಬಂತು. ಏಳು ಗೇರುಗಳ ಪೈಕಿ ಐದಕ್ಕೆ ರಜೆ ಸಿಕ್ಕಿತು. ತೆವಳುವ ಟ್ರಾಫಿಕ್ಕಿನಲ್ಲಿ ಒಂದಕ್ಕೆ ಹೋಗಲೋ ಎರಡಕ್ಕೆ ಹೋಗಲೋ ಎಂಬ ಚಿಂತೆಯಲ್ಲಿ ಅದು ಆಗಾಗ ಸಣ್ಣಗೆ ಮುಗ್ಗರಿಸುತ್ತದೆ. ರಸ್ತೆ ಬಿಟ್ಟುಕೊಟ್ಟರೆ ಬಲು ಜಾಣ ಕಾರು, ಆದರೆ ಆ ಜಾಣತನದಲ್ಲಿ ಓಡಿಸುವವನಿಗೆ ಹೆಚ್ಚಿನ ಪಾಲಿಲ್ಲ.

ಫೋರ್ಡ್‌ನವರ ಫಿಯೆಸ್ಟಾ 1.6 ಎಸ್ ಇದಕ್ಕೆ ತದ್ವಿರುದ್ಧ. ಅದಕ್ಕೆ ಟರ್ಬೋ ಇಲ್ಲ, ಎರಡನೆಯ ಕ್ಲಚ್ಚೂ ಇಲ್ಲ. ಶಕ್ತಿ ನೂರರ ಆಸುಪಾಸಿನಲ್ಲಿದ್ದು, ಅದೂ ಎಂಜಿನನ್ನು ಅರಚಿಸಿದ ಮೇಲೆಯೇ ಕೈಗೆ ಸಿಗುತ್ತದೆ. ಆದರೆ ಹೈಡ್ರಾಲಿಕ್ ಸ್ಟಿಯರಿಂಗ್ ಹಿಡಿದು ಒಂದು ತಿರುವು ಹಾಯ್ದರೆ ಸಾಕು, ಮುಂದಿನ ಚಕ್ರಗಳು ಎಲ್ಲಿವೆ, ಅವುಗಳ ಕೆಳಗೆ ಮರಳಿದೆಯೋ ಡಾಂಬರಿದೆಯೋ ಎಂಬುದೆಲ್ಲ ಬೆರಳಿಗೆ ಗೊತ್ತಾಗುತ್ತದೆ. ನಾನು ಓಡಿಸಿದ ಮೂರರಲ್ಲಿ ಕಡಿಮೆ ವೇಗದಲ್ಲಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ, ಮತ್ತು ಈ ಊರಿನಲ್ಲಿ ಕಡಿಮೆ ವೇಗವೇ ನಮಗಿರುವ ವೇಗ. ಮೂರನೆಯ ಗೇರಿಗೆ ಹಾಕಿ ಇನ್ನೇನು ಎಂಜಿನ್ ಹಾಡತೊಡಗಿತು ಎನ್ನುವಾಗ ಪಕ್ಕದ ಸೀಟಿನಿಂದ ಬ್ರೋಕರ್, "ಸಾಕು ಸಾರ್, ಪಿಕಪ್ ಗೊತ್ತಾಯ್ತಲ್ಲ" ಎಂದುಬಿಟ್ಟ. ತೊಂದರೆಯೆಂದರೆ, ಈ ಕಾರುಗಳಲ್ಲಿ ಹೆಚ್ಚಿನವು 15 ವರ್ಷ ದಾಟಿದ್ದು, ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಲು ಆರ್‌ಟಿಓ ಕಚೇರಿಯ ಬೆಂಚುಗಳ ಮೇಲೆ ಕೂರಬೇಕಾಗುತ್ತದೆ. ಆ ಬೆಂಚುಗಳಿಂದ ರಸ್ತೆಯ ಯಾವ ಸುದ್ದಿಯೂ ಸಿಗುವುದಿಲ್ಲ.

ನಿಜವಾದ ಸಿಟ್ಟು ಬಂದದ್ದು ಅಬಾರ್ತ್ ಪುಂಟೋ ನೋಡಲು ಹೋದ ಭಾನುವಾರ. 2015ರಲ್ಲಿ ಫಿಯಟ್‌ನವರು ತಂದ ಈ ಕಾರಿಗೆ 1.4 ಲೀಟರಿನ ಟರ್ಬೋ ಎಂಜಿನ್, 145 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಮೂತಿಯ ಮೇಲೆ ಲಾಂಛನವಾಗಿ ಒಂದು ಚೇಳು. ಎರಡು ಸಾವಿರ ಆರ್‌ಪಿಎಂ ತನಕ ಏನೂ ಆಗದು. ಆಮೇಲೆ ಚೇಳು ಕುಟುಕುತ್ತದೆ, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿಯಬೇಕೆಂಬುದು ತಾನಾಗಿ ನೆನಪಾಗುತ್ತದೆ. ಆದರೆ ಅದರ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 155 ಮಿಲಿಮೀಟರು, ಮತ್ತು ಅದರ ಒಡೆಯರ ಮನೆಯಿಂದ ಮುಖ್ಯರಸ್ತೆಗೆ ಹೋಗುವ ದಾರಿಯ ತುಂಬ ಹಂಪುಗಳು.

ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ನಯವಾದ ಉಬ್ಬು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದನ್ನು ಸುಖವಾಗಿ ದಾಟಬಹುದು. ಎರಡೂವರೆ ಮೀಟರ್ ಅಂತರದ ಮುಂದಿನ ಹಿಂದಿನ ಚಕ್ರಗಳೆರಡೂ ಅದರ ಮೇಲೇ ನಿಲ್ಲುವುದರಿಂದ, ನಡುವೆ ಉಬ್ಬು ಏಳುವುದು ಐದು ಸೆಂಟಿಮೀಟರಿಗಿಂತ ಕಡಿಮೆ; ಚೇಳಿನ ಹೊಟ್ಟೆಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ಬಡಾವಣೆಗಳ ಹಂಪನ್ನು ಯಾರೋ ಪುಣ್ಯಾತ್ಮರು ರಾತ್ರೋರಾತ್ರಿ ಉಳಿದ ಜಲ್ಲಿ ಸಿಮೆಂಟು ಸುರಿದು ಗದ್ದೆಯ ಬದುವಿನಂತೆ ಎಬ್ಬಿಸಿರುತ್ತಾರೆ. ಬಣ್ಣವಿಲ್ಲ, ಫಲಕವಿಲ್ಲ. ಮುಂದಿನ ಚಕ್ರ ದಾಟಿ ಆಗಿರುತ್ತದೆ, ಹಿಂದಿನದು ಇನ್ನೂ ಬಂದಿರುವುದಿಲ್ಲ, ಇಡೀ ಉಬ್ಬು ನಟ್ಟನಡುವೆ ಹೊಟ್ಟೆಗೆ ಸಿಗುತ್ತದೆ. ಎಷ್ಟು ಓರೆಯಾಗಿ ಏರಿಸಿದರೂ, ಎಷ್ಟು ಉಸಿರು ಬಿಗಿಹಿಡಿದರೂ, ಕರ್ರ್ ಎಂಬ ಆ ಸದ್ದು ತಪ್ಪಲಿಲ್ಲ. ಹಿಂದಿದ್ದ ಆಟೋದವನು ಹಾರ್ನ್ ಒತ್ತಿ, ಪಕ್ಕಕ್ಕೆ ಬಂದು, ನನ್ನನ್ನೂ ಚೇಳನ್ನೂ ಒಮ್ಮೆ ನೋಡಿ, ಅದೇ ಹಂಪನ್ನು ನೆಗೆದು ಮುಂದೆ ಹೋದ. 145 ಅಶ್ವಶಕ್ತಿಯನ್ನು ಅಂದು ಸೋಲಿಸಿದ್ದು ಮೂರು ಚಕ್ರದ ಬಾಡಿಗೆ ಗಾಡಿ. ಮೈಸೂರು ಎಕ್ಸ್‌ಪ್ರೆಸ್ ದಾರಿಯಲ್ಲಾದರೂ ನೂರರವರೆಗೆ ಹೋಗಿ ಬರೋಣವೆಂದರೆ, ಟೋಲ್ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಯಲ್ಲಿ ಮಾತು ಮುಗಿಯಿತು.

ಈ ಕಾರಿನ ಒಡೆಯರು ತಾವೇ ಕೆಳಗಿಳಿದು ಬಂದಿದ್ದರು. ಸಾಫ್ಟ್‌ವೇರ್ ಕಂಪನಿಯ ನೌಕರಿಯೆಂದು ಅವರೇ ಹೇಳಿದಾಗ ನಾನು ಬ್ರೋಕರನ ಮುಖ ನೋಡಿದೆ. ಅವನು ನನ್ನ ಕಿವಿಯ ಬಳಿ ಬಗ್ಗಿ, "ಪಿಎಚ್.ಡಿ ಮಾಡಿದ್ದಾರೆ ಸಾರ್" ಎಂದ.

ತಂದೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಹತ್ತಿ ಇಳಿಯಲು ಎತ್ತರದ ಕಾರೇ ಬೇಕಾಗಿದೆ, ಅದಕ್ಕಾಗಿ ಕೊಡುತ್ತಿದ್ದೇನೆ ಎಂದರು ಅವರು. ಬೆಲೆಯ ಮಾತೆತ್ತದೆ, ಬೆಳಿಗ್ಗೆ ಎಂಜಿನ್ ಬಿಸಿಯಾಗುವ ತನಕ ಜೋರಾಗಿ ತುಳಿಯಬಾರದು, ದೂರ ಓಡಿಸಿ ಬಂದ ಮೇಲೆ ಒಂದು ನಿಮಿಷ ಹಾಗೆಯೇ ಬಿಟ್ಟು ಟರ್ಬೋ ತಣಿದ ಮೇಲೆ ಆರಿಸಬೇಕು ಎಂದು, ಮಗಳನ್ನು ಹಾಸ್ಟೆಲಿಗೆ ಬಿಡುವವರ ದನಿಯಲ್ಲಿ ತಿಳಿಸಿಕೊಟ್ಟರು. ಫಿಯಟ್ ಈ ದೇಶದಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು, ಫೋರ್ಡ್ 2021ರಲ್ಲಿ ಕಾರ್ಖಾನೆ ಮುಚ್ಚುವುದಾಗಿ ಸಾರಿತು, ಪೋಲೋ ಮರುವರ್ಷ ನಿಂತುಹೋಯಿತು. ಇಂಥ ಕಾರುಗಳನ್ನು ಇಷ್ಟಪಡುವವರು ಊರೂರಿನಲ್ಲಿ ಇದ್ದಾರೆ, ಹೊಸದಾಗಿ ಕೊಳ್ಳುವವರೆಲ್ಲ ಎತ್ತರದ ಕಾರಿನ ಕಡೆ ಹೋಗಿದ್ದಾರೆ, ಆ ಹಂಪುಗಳನ್ನು ನೋಡಿದ ಮೇಲೆ ಅವರನ್ನು ದೂರುವುದೂ ಕಷ್ಟ. ಒಡೆಯರು ಚೇಳಿನ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದರು. ನನಗೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ, ಬ್ರೋಕರನಿಗೆ ಬಂತು.

ವ್ಯವಹಾರ ಇನ್ನೂ ಕುದುರಿಲ್ಲ. ನಿನ್ನೆ ಬ್ರೋಕರ್ ಫೋನ್ ಮಾಡಿ, ಹೆಸರಘಟ್ಟದ ಕಡೆಯ ಹೊಸ ಲೇಔಟಿನಲ್ಲಿ ಬಲೆನೋ ಆರ್‌ಎಸ್ ಒಂದಿದೆ, ಮೂರು ಸಿಲಿಂಡರಿನ ಟರ್ಬೋ, ಹಗುರವಾದ ಗಾಡಿ, ಅಲ್ಲೊಂದೂ ಹಂಪ್ ಇಲ್ಲವಾದ್ದರಿಂದ ಮನಸ್ಸಿಗೆ ಬಂದಷ್ಟು ತುಳಿಯಬಹುದು ಎಂದ. ಈ ಊರಿನಲ್ಲಿ ಹಂಪ್ ಇಲ್ಲದ ಲೇಔಟು ಹೇಗೆ ಸಾಧ್ಯವೆಂದು ಕೇಳಿದೆ.

"ರಸ್ತೇನೇ ಇನ್ನೂ ಹಾಕಿಲ್ಲ ಸಾರ್."